ನೆರಳವ್ವ ಕುಡಿದ ಅರ್ಧ ಕಪ್ ಚಹಾ

ಕಾಗದದ ಮೇಲೆ ನೋಡಿದರೆ ನೆರಳವ್ವನಂಥ ಕಳ್ಳಿ ರೋಣ, ನರಗುಂದ, ಗಜೇಂದ್ರಗಡ ಮೂರೂ ತಾಲೂಕುಗಳಲ್ಲಿ ಹುಟ್ಟಿರಲಿಲ್ಲ. ಚುರುಕುತನ ಇಪ್ಪತ್ತಕ್ಕೆ ಹದಿನೆಂಟು. ಬೀಗ ತೆಗೆಯುವುದು, ಕತ್ತಲಲ್ಲಿ ಕರಗುವುದು, ಬೆನ್ನ ಹಿಂದಿನಿಂದ ಚೂರಿ ಹಾಕುವುದು, ತನಗೆ ಏಟು ಬಂದರೆ ಜಾರಿಕೊಳ್ಳುವುದು, ಎಲ್ಲದರಲ್ಲೂ ಪಳಗಿದ ಕೈ. ಅವಳನ್ನು ಆಟದ ಪಾತ್ರವಾಗಿ ಕಟ್ಟಿದವಳು ರೋಣದ ಬಸ್ ಕಂಡಕ್ಟರ್ ಉಮಾ. ಹದಿನಾಲ್ಕು ವರ್ಷ ಟಿಕೆಟ್ ತಪ್ಪಿಸುವವರನ್ನು ಹಿಡಿದ ಅನುಭವವನ್ನೆಲ್ಲ ಅವಳಿಗೆ ಧಾರೆ ಎರೆದಿದ್ದಳು. ನಿದ್ದೆ ಬಂದಂತೆ ನಟಿಸುವವರು, ‘ಹಿಂದಿನವರು ತಗೋತಾರ’ ಎಂದು ಕೈ ತೋರಿಸಿ ಮುಂದಿನ ಬಾಗಿಲಲ್ಲಿ ಇಳಿದು ಹೋಗುವವರು, ಒಬ್ಬರಿಗಿಂತ ಒಬ್ಬರು ನಿಪುಣರು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಈ ವಿದ್ಯೆಯನ್ನು ಗಂಡಸರೇ ಕಷ್ಟಪಟ್ಟು ಉಳಿಸಿಕೊಂಡು ಬಂದಿದ್ದಾರೆ. ಅವರೆಲ್ಲರಿಂದ ಒಂದೊಂದು ಗುಣ ತೆಗೆದು ನೆರಳವ್ವನಿಗೆ ಹಚ್ಚಿದ್ದಳು ಉಮಾ.

ಆಟ ನಡೆಯುವುದು ಗಜೇಂದ್ರಗಡದಲ್ಲಿ, ಕಳಕೇಶನ ಫ್ಲೆಕ್ಸ್ ಅಂಗಡಿಯಲ್ಲಿ, ಭಾನುವಾರ ಮಧ್ಯಾಹ್ನ. ಕಳಕೇಶ ಕತೆ ನಡೆಸುತ್ತಾನೆ. ರಾಜ, ರಾಕ್ಷಸ, ಕಾವಲುಗಾರ ಎಲ್ಲ ಅವನೇ. ಉಳಿದ ಮೂವರು ತಂತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ. ಅದು ಆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಯಾವನೋ ಮರಿ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸನ್ನು ಬೋರಲು ಹಾಕಿ, ಅದರ ಬೆನ್ನ ಮೇಲೆ ಕಾಡು, ಕೋಟೆ, ಗುಹೆ ಬರೆದಿರುತ್ತಾರೆ. ಕಟ್ಟಿಗೆ ಅಡ್ಡೆಯ ಬಾಬುಸಾಬ ದಂಡನಾಯಕ. ಎದುರಿಗೆ ಬಂದದ್ದನ್ನು ಕಡಿಯುವುದು ಬಿಟ್ಟು ಅವನಿಗೆ ಬೇರೆ ವಿಚಾರವಿಲ್ಲ. ನರಗುಂದದಲ್ಲಿ ಬ್ಲೌಸ್ ಹೊಲಿಯುವ ತಬಸ್ಸುಮ ಮಂತ್ರಗಾತಿ. ಅವಳ ಪಾತ್ರದ ಹೆಸರು ಗುಲ್ನಾರ. ಎರಡು ವರ್ಷ ಸಾಕಿ ಬೆಳೆಸಿದ ಪಾತ್ರ ಅದು. ಗುಲ್ನಾರಳ ಬದಲು ನಕ್ಷೆಯ ಮೇಲೆ ನಿಲ್ಲುವ ಚೆಸ್ಸಿನ ರಾಣಿಗೆ ಖಣದ ತುಂಡಿನಲ್ಲಿ ಮೇಲಂಗಿ ಕೂಡ ಹೊಲಿದಿದ್ದಳು.

ನೆರಳವ್ವನಲ್ಲಿ ಯಾವ ಕೊರತೆಯೂ ಇರಲಿಲ್ಲ. ಕೊರತೆ ಇದ್ದದ್ದು ಉಮಾಳಲ್ಲಿ. ಕದಿಯಲು ಹೋದ ಮೊದಲ ಮನೆಯಲ್ಲೇ ಹೊಸ್ತಿಲ ಮುಂದೆ ನಿಂತು ‘ಯಾರದೀರಿ ಒಳಗ?’ ಎಂದು ಕೂಗಿದ್ದಳು. ಎರಡನೆಯ ಮನೆಯಲ್ಲಿ ಚಪ್ಪಲಿ ಹೊರಗೆ ಬಿಟ್ಟು ಹೋಗಿ, ಆ ಚಪ್ಪಲಿಯಿಂದಲೇ ಸಿಕ್ಕಿಬಿದ್ದಿದ್ದಳು. ಅದನ್ನೆಲ್ಲ ಎಲ್ಲರೂ ನಕ್ಕು ಮರೆತರು. ಹೋದ ವಾರದ್ದಕ್ಕೆ ಮಾತ್ರ ಯಾರೂ ನಗಲಿಲ್ಲ.

ಹೋದ ವಾರ ಕಬ್ಬಿಣಹಲ್ಲ ಎಂಬ ರಾಕ್ಷಸನ ಖಜಾನೆ ದೋಚುವುದಿತ್ತು. ಗುಲ್ನಾರ ಅಂಗಳದಲ್ಲಿ ಬೆಂಕಿ ಉಗುಳಿ ಅವನ ಗಮನ ಸೆಳೆಯಬೇಕು. ನೆರಳವ್ವ ಹಿಂದಿನ ಕಿಟಕಿಯಿಂದ ಇಳಿದು ಅವನ ಸೊಂಟದ ಕೀಲಿಕೈ ಎಗರಿಸಬೇಕು. ಇಳಿದಳು. ರಾಕ್ಷಸ ತಟ್ಟನೆ ತಿರುಗಿದ. ಗದೆ ಎತ್ತುವ ಬದಲು ಕಳಕೇಶ ದಪ್ಪ ದನಿಯಲ್ಲಿ, “ಬಾ ತಂಗಿ, ಬಿಸಲಾಗ ಬಂದಿ. ಕೂಡು, ಚಹಾ ಕುಡಿ” ಅಂದ. ಉಮಾಳ ಬಾಯಿಂದ ತಾನೇ ತಾನಾಗಿ ಬಂತು, “ಅರ್ಧಾ ಕಪ್ ಕೊಡ್ರಿ.”

ಆಮೇಲೆ ಕೈ ಏಳಲಿಲ್ಲ. ಅವನ ಮನೆಯ ಚಹಾ ಕುಡಿದು ಅವನ ಸೊಂಟಕ್ಕೆ ಕೈ ಹಾಕುವುದೆಂದರೆ ಹೇಗೆ? ರಾಕ್ಷಸ ಚಹಾ ಮುಗಿಸಿ, ಮೀಸೆ ಒರೆಸಿಕೊಂಡು ಹೊರಗೆ ಹೋಗಿ, ಅಂಗಳದಲ್ಲಿ ಒಬ್ಬಳೇ ನಿಂತಿದ್ದ ಗುಲ್ನಾರಳನ್ನು ಹಿಡಿದು ಪಂಜರಕ್ಕೆ ಹಾಕಿದ. ಮರುದಿನದ ಊಟಕ್ಕೆ ಎಂದ.

“ಕುಡಿದ ಮ್ಯಾಲೆ ಕದೀಬಾರದು, ಖರೇ ಐತಿ,” ತಬಸ್ಸುಮ ಕೂಗಾಡಿದಳು. “ಕುಡಿದಿ ಯಾಕ? ಗುಲ್ನಾರ ಸತ್ತಳಂದ್ರ ನಾ ಇನ್ನ ಈ ಕಡಿ ಹಾಯಂಗಿಲ್ಲ. ನಿನ್ನ ಮಾರಿನೂ ನೋಡಂಗಿಲ್ಲ.” ಈ ಆಟದಲ್ಲಿ ಸತ್ತವರು ಸತ್ತಂತೆಯೇ. ಅದು ಎಲ್ಲರಿಗೂ ಗೊತ್ತಿತ್ತು.

ವಾರವಿಡೀ ತಬಸ್ಸುಮ ಫೋನ್ ಎತ್ತಲಿಲ್ಲ. ನರಗುಂದದಿಂದ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಕರ್ಚೀಫು ಹಾಕಿ ರೋಣದಲ್ಲಿ ಉಮಾಳನ್ನು ಹತ್ತಿಸಿಕೊಳ್ಳುವುದು ಅವಳ ರೂಢಿ. ಈ ಭಾನುವಾರ ಆ ಸೀಟಿನಲ್ಲಿ ಇಟಗಿಗೆ ಹೊರಟ ಅಜ್ಜಿಯೊಬ್ಬಳು ಗಂಟು ಇಟ್ಟುಕೊಂಡು ಕೂತಿದ್ದಳು. ತಬಸ್ಸುಮ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಉಮಾ ಗಜೇಂದ್ರಗಡದವರೆಗೆ ನಿಂತೇ ಹೋದಳು. ನಿಲ್ಲುವುದು ಅವಳಿಗೆ ಹೊಸದಲ್ಲ, ಆದರೂ ಅಳು ಬಂತು. ಡಿಪೋದಲ್ಲಿ ಅವಳು ಮೇಡಂ, ಮನೆಯಲ್ಲಿ ಸೊಸೆ. ‘ಲೇ ಉಮಿ’ ಎಂದು ಕರೆಯುವ ಬಾಯಿ ಈ ಭೂಮಿಯ ಮೇಲೆ ಅದೊಂದೇ ಇತ್ತು.

ಆಟ ಶುರುವಾಯಿತು. ಕತೆಯೊಳಗೆ ಅದು ಮರುದಿನ. ರಾಕ್ಷಸ ಒಲೆಯ ಮೇಲೆ ಹಂಡೆ ಇಟ್ಟು ಉಳ್ಳಾಗಡ್ಡಿ ಹೆಚ್ಚುತ್ತಿದ್ದಾನೆ, ಪಂಜರದ ಕೀಲಿಕೈ ಅವನ ಸೊಂಟದಲ್ಲೇ ಇದೆ ಎಂದ ಕಳಕೇಶ.

“ಬಾಗಲಾ ಒಡದು ಒಳಗ ಹೋಗೂನು,” ಅಂದ ಬಾಬುಸಾಬ.

“ಚಾಚಾ, ಸ್ವಲ್ಪ ತಡೀರಿ. ನೆರಳವ್ವ ಮುಂದಿನ ಬಾಗಲಾ ಬಡೀತಾಳ,” ಅಂದಳು ಉಮಾ.

ಕಳಕೇಶ ಹಣೆ ಚಚ್ಚಿಕೊಂಡ. “ಉಮಕ್ಕಾ, ಹಿಂದ ಕಿಟಕಿ ಐತಿ, ಕತ್ತಲ ಐತಿ, ನಿಮಗ ಚುರುಕುತನ ಹದಿನೆಂಟ ಐತಿ!”

“ಇರಲಿ ಬಿಡ್ರಿ.”

ಉಮಾ ಚೀಲದಿಂದ ನಿಜವಾದ ಬುತ್ತಿಯನ್ನೇ ತೆಗೆದು, ಫ್ಲೆಕ್ಸಿನ ಮೇಲೆ ರಾಕ್ಷಸನ ಮನೆ ಬರೆದ ಜಾಗದಲ್ಲಿ ಬಿಚ್ಚಿಟ್ಟಳು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಕೆನೆಮೊಸರು. ಅಂಗಡಿಯ ತುಂಬ ಘಮ ಹಬ್ಬಿತು.

“ನಿನ್ನೆ ಚಹಾ ಕುಡಿದು ಹಂಗ ಹೋದ್ನಿರಿ. ಅದಕ್ಕ ಊಟಾ ತಂದೀನಿ.”

“ನನಗ ಹಸಿವಿಲ್ಲ,” ಕಳಕೇಶ ರಾಕ್ಷಸನ ದನಿ ತೆಗೆದ. “ಮಂತ್ರಗಾತಿ ಅದಾಳ ಊಟಕ್ಕ.”

“ಅಕಿ ಆಮ್ಯಾಲಿಗಾತು. ಈಗ ಒಂದ ತುತ್ತ ತಿನ್ರಿ.”

“ಬ್ಯಾಡ.”

“ಬಿಸಿ ಬಿಸಿ ಮಾಡಿ ತಂದೀನ್ರಿ. ಹಂಗ ಒಯ್ದ್ರ ನನಗ ಭಾಳ ಕೆಟ್ಟ ಅನ್ನಸ್ತೈತಿ.”

“ಬ್ಯಾಡಂದ್ನೆಲ್ಲಾ.”

“ನನ್ನ ಆಣಿ.”

ಕಳಕೇಶ ದಾಳ ಕೈಗೆತ್ತಿಕೊಂಡ. ಈ ಸೀಮೆಯಲ್ಲಿ ಮೂರು ಉಪಚಾರದ ಮೇಲೆ ಒಂದು ಆಣೆ ಬಿದ್ದರೆ ಸಕ್ಕರೆ ಕಾಯಿಲೆಯವರೂ ಹೋಳಿಗೆ ತಿನ್ನುತ್ತಾರೆ. ರಾಕ್ಷಸನ ಛಲಕ್ಕೆ ದಾಳ ಒಗೆಯುತ್ತೇನೆ, ಹನ್ನೆರಡರ ಮೇಲೆ ಬಿದ್ದರೆ ಅವನು ತಿನ್ನುವುದಿಲ್ಲ ಎಂದು ಹೇಳಿ ಒಗೆದ. ಏಳು ಬಿತ್ತು. ಕಳಕೇಶನೇನೂ ಬಹಳ ದುಃಖಪಡಲಿಲ್ಲ. ರೊಟ್ಟಿ ಮುರಿದು ಎಣ್ಣೆಗಾಯಿಗೆ ಕೈ ಹಾಕಿದ.

ಎರಡನೆಯ ರೊಟ್ಟಿ ಅರ್ಧವಾಗುವ ತನಕ ಉಮಾ ಕಾದಳು. “ಈಗ ರಾಕ್ಷಸ ನನ್ನ ಉಪ್ಪು ತಿಂದ. ಕೀಲಿಕೈ ಕೊಡ್ರಿ.”

ಕಳಕೇಶ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ನಕ್ಕ. “ರಾಕ್ಷಸ ಅದಾನ್ರಿ ಅವ. ರಾಕ್ಷಸಗ ಎಲ್ಲೀ ನಿಯತ್ತು?”

“ಇಲ್ಲಂದ್ರ ಬಿಡ್ರಿ. ನಿಯತ್ತಿಲ್ಲದಾವನ ಚಹಾಕ್ಕ ನಾನ್ಯಾಕ ನಿಯತ್ತ ಇಟಗೊಂಡ ಕುಂದ್ರಲಿ? ಅವನ ಎರಡೂ ಕೈ ಊಟದಾಗ ಅದಾವ, ಕೀಲಿಕೈ ಸೊಂಟದಾಗ ಐತಿ, ನಾ ಮಗ್ಗಲಕ್ಕ ಕುಂತೀನಿ. ಈಗ ಕಸಗೋತೀನಿ. ನಿಯತ್ತ ಐತಿ ಅಂದ್ರ ಅವನೇ ಕೊಡ್ಲಿ. ಯಾವುದು ಹೇಳ್ರಿ?”

ಕಳಕೇಶ ತನ್ನ ಎಣ್ಣೆ ಹತ್ತಿದ ಕೈಗಳನ್ನು ನೋಡಿಕೊಂಡ. ಮೊಣಕೈಯಿಂದ ನಿಯಮದ ಪುಸ್ತಕ ತೆರೆದು ಮಗುಚಿ ಹಾಕಿದ. ವಿಷದ ಬಗ್ಗೆ ಎರಡು ಪುಟ ಇತ್ತು. ಎಣ್ಣೆಗಾಯಿಯ ಬಗ್ಗೆ ಒಂದು ಸಾಲೂ ಇರಲಿಲ್ಲ. “ಶಾಭಾಸ್ ಬೇಟಿ!” ಎಂದು ಬಾಬುಸಾಬ ತೊಡೆ ತಟ್ಟಿದ. ಕಡೆಗೆ ರಾಕ್ಷಸ ಇಲಿಯ ದನಿಯಲ್ಲಿ, “ತಗೋ ತಂಗಿ” ಅಂದ.

ಉಮಾ ಪಂಜರದ ಬೀಗ ತೆಗೆದೆ ಎಂದಳು. ಮೇಲಂಗಿಯ ರಾಣಿಯನ್ನು ಎತ್ತಿ ಹೊರಗಿಟ್ಟಳು.

“ಗುಲ್ನಾರ ಈಗ ಏನ್ ಮಾಡ್ತಾಳ?” ಕಳಕೇಶ ಕೇಳಿದ.

“ಹೊರಗ ಬರ್ತಾಳ,” ಅಂದಳು ತಬಸ್ಸುಮ. “ಬಂದು, ಈ ಕಳ್ಳಿ ಕಪಾಳಕ್ಕ ಒಂದು ಬಿಗೀತಾಳ.” ದಾಳ ಒಗೆದಳು. ಹದಿನೈದು.

“ನೆರಳವ್ವ ತಪ್ಪಿಸ್ಕೋಬಹುದು,” ಕಳಕೇಶ ಬೆರಳು ನೆಕ್ಕುತ್ತ ಹೇಳಿದ. “ನಿಮ್ಮ ಚುರುಕುತನಕ್ಕ ಮೂರು ಬಿದ್ರೂ ಸಾಕು. ಒಗೀರಿ.”

“ಲೇ ಉಮಿ, ಒಗಿ ಲಗೂ,” ಅಂದಳು ತಬಸ್ಸುಮ.

ಉಮಾ ದಾಳವನ್ನು ಕೆಳಗಿಟ್ಟು, ಕೆನ್ನೆಯನ್ನು ಅವಳ ಕಡೆ ತಿರುಗಿಸಿದಳು. “ಹೊಡಿ.”