ಅಪ್ಪನ ಮುದ್ದೆಯಲ್ಲಿ ಕಾಲು

ಗಂಗಾಲಕ್ಷ್ಮಿ ಟೀಚರಿಗೆ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ. ಹುತ್ತೂರು ಕಡೆಯ ಆ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಭಿನ್ನರಾಶಿ ಎಂದರೆ ಅವರೇ. ಬೋರ್ಡಿನ ಮೇಲೆ ಬರಿಗೈಯಲ್ಲೇ ದುಂಡಗೆ ವೃತ್ತ ಬರೆದು, ಗೆರೆ ಎಳೆದು, ಅರ್ಧ, ಕಾಲು, ಮುಕ್ಕಾಲು ಎಂದು ಎಷ್ಟು ಮಕ್ಕಳ ಬಾಯಲ್ಲಿ ಹೇಳಿಸಿದ್ದರೋ. ವರ್ಷಕ್ಕೊಮ್ಮೆ ಕೋಲಾರದಲ್ಲಿ ಶಿಕ್ಷಕರೆಲ್ಲರ ಮುಂದೆ ಮಾದರಿ ಪಾಠ ಮಾಡುವ ಗೌರವವೂ ಅವರಿಗೇ ಬರುತ್ತಿತ್ತು.

ಈ ಜೂನ್‌ನಲ್ಲಿ ನರಸಾಪುರದಿಂದ ಶ್ರೀವಾಣಿ ಅತಿಥಿ ಶಿಕ್ಷಕಿಯಾಗಿ ಬಂದಳು. ಬಂದವಳು ಸುಮ್ಮನಿದ್ದಳೇ? ನಾಲ್ಕನೇ ತರಗತಿಗೆ ಡಬ್ಬಿಯಲ್ಲಿ ರಾಗಿಮುದ್ದೆ ತಂದು, ದಾರದಿಂದ ಕೊಯ್ದು ಭಿನ್ನರಾಶಿ ಕಲಿಸಿದಳು. ಮಕ್ಕಳು ಮನೆಗೆ ಹೋಗಿ ಊಟಕ್ಕೆ ಕೂತಾಗಲೂ ದಾರ ಕೇಳತೊಡಗಿದರು. ಗಂಗಾ ಮಿಸ್ಸಿನ ಸೆರಗು ಬಿಡದಿದ್ದವರೆಲ್ಲ ಈಗ ಅವಳ ಸ್ಕೂಟಿ ಸದ್ದಾದರೆ ಗೇಟಿಗೆ ಓಡುತ್ತಿದ್ದರು.

ಈ ಸಲ ಕೋಲಾರಕ್ಕೆ ಯಾರು ಎಂದು ತೀರ್ಮಾನಿಸಲು ಸುತ್ತಲ ಶಾಲೆಗಳ ಪಾಠ ನೋಡಿಕೊಳ್ಳುವ ಸಿ.ಆರ್.ಪಿ. ಕಾಂತರಾಜ್ ಗುರುವಾರ ಬರುವವರಿದ್ದರು. ಬುಧವಾರ ಶ್ರೀವಾಣಿ ತಾನಾಗಿಯೇ ಬಂದು, ಅಕ್ಕಾ, ನನ್ನ ಪಾಠ ಒಮ್ಮೆ ನೋಡಿ, ತಪ್ಪಿದ್ದರೆ ಹೇಳಿ ಎಂದಳು. ಗಂಗಾಲಕ್ಷ್ಮಿ ನೋಡಿದರು. ತಪ್ಪು ಸಿಕ್ಕಿತು. 'ಅರ್ಧ ಯಾವಾಗಲೂ ಕಾಲಿಗಿಂತ ದೊಡ್ಡದು' ಎಂದು ಅವಳು ಮಕ್ಕಳಿಂದ ಹೇಳಿಸುತ್ತಿದ್ದಳು. ಯಾವುದರ ಅರ್ಧ, ಯಾವುದರ ಕಾಲು ಎಂಬ ಮಾತೇ ಇರಲಿಲ್ಲ.

"ಚೆನ್ನಾಗೈತೆ ಕಣಮ್ಮ," ಎಂದರು ಗಂಗಾಲಕ್ಷ್ಮಿ. ಆಮೇಲೆ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ ನಾಲ್ಕನೇ ತರಗತಿಯ ಅನಿತಳನ್ನು ಕರೆದು, ನಾಳೆ ಸಾಹೇಬರ ಮುಂದೆ ಕೇಳಬೇಕಾದ ಒಂದು ಪ್ರಶ್ನೆ ಹೇಳಿಕೊಟ್ಟರು.

ಗುರುವಾರ ಶ್ರೀವಾಣಿಯ ಪಾಠ ಅರ್ಧಕ್ಕೆ ಬಂದಿತ್ತು. ಅನಿತ ಎದ್ದು ನಿಂತಳು.

"ಮಿಸ್, ನಮ್ಮಪ್ಪನ ಮುದ್ದೇಲಿ ಕಾಲು ಭಾಗಾನೇ ನನ್ನ ಮುದ್ದೇಲಿ ಅರ್ಧಕ್ಕಿಂತ ದೊಡ್ಡದು. ಮತ್ತೆ ಅರ್ಧ ಹೆಂಗೆ ಯಾವಾಗ್ಲೂ ದೊಡ್ಡದು?"

ಕಾಂತರಾಜ್ ಬರೆಯುವುದನ್ನು ಬಿಟ್ಟು ತಲೆಯೆತ್ತಿದರು. ಶ್ರೀವಾಣಿಯ ಕೈಯಲ್ಲಿ ದಾರ ಹಾಗೇ ಉಳಿಯಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಗಂಗಾಲಕ್ಷ್ಮಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ನನಗಿದು ಹೊಳೆದೇ ಇರ್ಲಿಲ್ಲ," ಎಂದಳು ಶ್ರೀವಾಣಿ. "ಯಾರೇ ಹೇಳಿಕೊಟ್ಟಿದ್ದು?"

"ಗಂಗಾ ಮಿಸ್ಸು."

ಗಂಗಾಲಕ್ಷ್ಮಿ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಳ್ಳತೊಡಗಿದರು. ಶ್ರೀವಾಣಿ ಅವರನ್ನೊಮ್ಮೆ ನೋಡಿ ಕಾಂತರಾಜ್ ಕಡೆ ತಿರುಗಿದಳು.

"ತಪ್ಪಿದ್ರೆ ಹೇಳಿ ಅಂತ ನಿನ್ನೆ ಅಕ್ಕನ್ನೇ ಕೇಳಿದ್ದೆ ಸಾರ್. ನನಗೆ ಹೇಳಿದ್ರೆ ನಾನೊಬ್ಬಳೇ ಕಲೀತಿದ್ದೆ. ಎಲ್ಲಾರೂ ಕಲೀಲಿ ಅಂತ ಮಕ್ಕಳ ಬಾಯಲ್ಲೇ ಕೇಳಿಸಿದ್ರು ನೋಡಿ."

ಅಲ್ಲೇ ಒಂದು ಮುದ್ದೆಯನ್ನು ಚಿಕ್ಕದು ಮಾಡಿ, ಇನ್ನೊಂದಕ್ಕೆ ಸೇರಿಸಿ ದೊಡ್ಡದು ಮಾಡಿ, ಚಿಕ್ಕದರ ಅರ್ಧವನ್ನೂ ದೊಡ್ಡದರ ಕಾಲನ್ನೂ ಪಕ್ಕಪಕ್ಕ ಇಟ್ಟಳು. ಮುದ್ದೆ ಒಂದೇ ಅಳತೆಯದಾದರೆ ಮಾತ್ರ ಅರ್ಧ ದೊಡ್ಡದು ಎಂದು ಮಕ್ಕಳೇ ಹೇಳಿದರು. ಕಾಂತರಾಜ್ ಬಹಳ ಮೆಚ್ಚಿಕೊಂಡು, ಕೋಲಾರಕ್ಕೆ ಇಬ್ಬರೂ ಹೋಗಿ, ಅರ್ಧರ್ಧ ಪಾಠ ಮಾಡಿ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ತನ್ನನ್ನು ಸಿಕ್ಕಿಸಲೆಂದೇ ಮಾಡಿದ್ದು ಎಂದು ಶ್ರೀವಾಣಿಗೆ ಗೊತ್ತಾಗಿತ್ತೇ? ಗೊತ್ತಾಗದೆ ಏನು, ಹಾಗೆ ನೋಡಿದಳಲ್ಲ. ಸಿಟ್ಟಾಗಿ ಎರಡು ಮಾತು ಆಡಿದ್ದರೂ ಗಂಗಾಲಕ್ಷ್ಮಿಗೆ ಸಮಾಧಾನವಾಗುತ್ತಿತ್ತು. ಮುದ್ದೆ, ದಾರ ಯಾರಿಗಾದರೂ ಸಿಗುತ್ತವೆ, ನಾಳೆಯೇ ತರಬಹುದು. ಅವಳ ಆ ಮನಸ್ಸನ್ನು ಎಲ್ಲಿಂದ ತರುವುದು? ಚಪ್ಪಾಳೆಗೆ ಎದ್ದು ಕೈಮುಗಿಯುತ್ತಿದ್ದ ಗಂಗಾಲಕ್ಷ್ಮಿಯ ಹೊಟ್ಟೆ ನಿನ್ನೆಗಿಂತ ಹೆಚ್ಚು ಉರಿಯುತ್ತಿತ್ತು.