ದೇವರ ಗೂಡಿನಲ್ಲಿ ಉಳಿದ ಟೋ ಹುಕ್

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಮ್ಮ ಹೇಳುತ್ತಾಳೆ. ನನ್ನ ಗಂಡ ಕಾರ್ತಿಕೇಯ ಹಾಗೆ ಹೇಳುವುದಿಲ್ಲ, ಏಳು ವರ್ಷದಿಂದ ಸುಮ್ಮನೆ ಅನುಭವಿಸುತ್ತಿದ್ದಾನೆ. ಆ ಫೆಬ್ರವರಿಯ ಬೆಳಿಗ್ಗೆ ಎಸ್ಕಿಲ್‌ಸ್ಟುನಾದ ನಮ್ಮ ಮನೆಯಿಂದ ಕಾರು ಹೊರಟ ಗಳಿಗೆಯಿಂದಲೂ ನಾನು ಅವನನ್ನು ಬೈಯುತ್ತಲೇ ಇದ್ದೆ.

"ನಿನ್ನೇನೇ ಉಪ್ಸಾಲಾಗೆ ಹೋಗಿ ಹೋಟೆಲಲ್ಲಿ ಇದ್ದುಬಿಡೋಣ ಅಂದೆ. ಕೇಳಿದ್ಯಾ?"

"ಹೋಟೆಲಲ್ಲಿ ನಿದ್ದೆ ಬರಲ್ಲ ಅಂತ ನೀನೇ ಅಂದೆಯಲ್ಲ ಸಿಂಧು."

"ಅಂದೆ. ಅದಕ್ಕೆ? ನೀನು ಸ್ವಲ್ಪ ಫೋರ್ಸ್ ಮಾಡ್ಬೇಕಿತ್ತು."

ಅವನು ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದಿದ್ದ. ಹೊರಗೆ ಹಿಂದಿನ ರಾತ್ರಿಯಿಂದ ಸುರಿಯುತ್ತಿದ್ದ ಹಿಮ ಇನ್ನೂ ನಿಂತಿರಲಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಉಪ್ಸಾಲಾದಲ್ಲಿ ನನ್ನ ಪಿಎಚ್‌ಡಿಯ ಸಾರ್ವಜನಿಕ ಪರೀಕ್ಷೆ. ಸ್ಪ್ರೂಸ್ ಮರದ ಬೇರು ಕೊಳೆಸುವ ಶಿಲೀಂಧ್ರದ ಹಿಂದೆ ಐದು ವರ್ಷ ಸವೆಸಿದ್ದೆ. ನನ್ನನ್ನು ಪ್ರಶ್ನಿಸುವ ಪ್ರೊಫೆಸರು ಆಸ್ಟ್ರಿಯಾದಿಂದ ಬಂದಿಳಿದಾಗಿತ್ತು, ತೀರ್ಪು ಕೊಡುವ ಮೂವರೂ ಬಂದಿದ್ದರು. ಈ ದೇಶದಲ್ಲಿ ಒಂದು ಗಂಟೆ ಎಂದರೆ ಒಂದು ಗಂಟೆಯೇ. ನಾನು ತಪ್ಪಿಸಿಕೊಂಡರೆ ಇವರನ್ನೆಲ್ಲ ಮತ್ತೆ ಒಟ್ಟಿಗೆ ಕೂರಿಸಲು ಸೆಪ್ಟೆಂಬರ್ ಆಗುತ್ತಿತ್ತು. ನನ್ನ ಕೆಲಸ ಮುಗಿಯುವುದು ಮಾರ್ಚ್‌ಗೆ, ಮುಂದಿನ ಕೆಲಸಕ್ಕೆ ಪದವಿ ಕೈಯಲ್ಲಿರಬೇಕು. ಇದು ಸಾಲದೆಂದು ದಾವಣಗೆರೆಯಲ್ಲಿ ಅಮ್ಮ, ಅಲ್ಲಿನ ಐದೂವರೆಗೆ ಸರಿಯಾಗಿ ಟಿವಿಯಲ್ಲಿ ನನ್ನನ್ನು ನೋಡಲು ಬೀದಿಯವರನ್ನೆಲ್ಲ ಕರೆದು ಮಂಡಕ್ಕಿ ಬೇರೆ ತರಿಸಿದ್ದಳು.

ಸ್ಟ್ರೆಂಗ್ನೆಸ್ ದಾಟಿದ ಮೇಲೆ ಒಂದು ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿತು. ಕಾರ್ತಿ ಎಷ್ಟು ಸಾವಧಾನದಿಂದ ತಿರುಗಿಸಿದರೂ ಮೂತಿ ರಸ್ತೆ ಬಿಟ್ಟು ಇಳಿದು ಚರಂಡಿಯ ಹಿಮದೊಳಗೆ ಹೂತುಕೊಂಡಿತು. ಇಬ್ಬರಿಗೂ ಏನೂ ಆಗಲಿಲ್ಲ. ಗಂಟೆ ಒಂಬತ್ತೂಕಾಲು. ರೋಡ್ ಅಸಿಸ್ಟೆನ್ಸಿಗೆ ಫೋನ್ ಮಾಡಿದರೆ, ಎಲ್ಲೆಲ್ಲೂ ಹೀಗೇ ಆಗಿದೆ, ಕಡಿಮೆ ಎಂದರೂ ನಾಲ್ಕು ಗಂಟೆ ಕಾಯಬೇಕು ಎಂದರು.

"ಫ್ಯಾಕ್ಟರೀಲಿ ಬಂಡೆ ಎತ್ತೋ ಮಿಷಿನ್ ಮಾಡ್ತೀಯ! ಒಂದು ಕಾರು ಎತ್ತಕ್ಕಾಗಲ್ವಾ ನಿನಗೆ?" ಎಂದು ನಡುರಸ್ತೆಯಲ್ಲಿ ನಿಂತು ಕಿರುಚಿದೆ. ಹೇಳಬಾರದ್ದು ಇನ್ನೂ ನಾಲ್ಕು ಹೇಳಿದೆ. ಅವನು ಕೈಯಿಂದಲೇ ಚಕ್ರದ ಸುತ್ತ ಹಿಮ ತೋಡುತ್ತಿದ್ದ.

ಆಗ ಬಂತು ಕೆಂಪು ಟ್ರ್ಯಾಕ್ಟರ್. ಇಳಿದವರು ಎಪ್ಪತ್ತರ ಆಸುಪಾಸಿನ ಹೆಂಗಸು, ಹೆಸರು ಗುನ್ವೋರ್. ಪಕ್ಕದ ಹೊಲ ಅವರದೇ. ಈ ತಿರುವಿನಲ್ಲಿ ಯಾರಾದರೂ ಬಿದ್ದರೆ ಅವರ ಅಡುಗೆಮನೆಯ ಕಿಟಕಿಗೆ ಕಾಣುತ್ತದಂತೆ. ನಾನು ಗಡಿಬಿಡಿಯ ಸ್ವೀಡಿಷ್‌ನಲ್ಲಿ ಒಂದು ಗಂಟೆಯ ಪರೀಕ್ಷೆಯ ಕಥೆ ಹೇಳಿದೆ. ಅವರು ತಲೆಯಾಡಿಸಿ ಹಗ್ಗ ಎಳೆದರು.

"ಹಿಂದಿನಿಂದ ಎಳೆಯೋಣ. ಹುಕ್ ಕೊಡು."

ಈಗಿನ ಕಾರುಗಳಲ್ಲಿ ಹಗ್ಗ ಕಟ್ಟಲು ಜಾಗವೇ ಇರುವುದಿಲ್ಲ. ಬಂಪರಿನ ಸಣ್ಣ ಮುಚ್ಚಳ ತೆಗೆದು, ಒಳಗಿನ ತೂತಿಗೆ ಟೋ ಹುಕ್ ತಿರುಗಿಸಿ ಕೂರಿಸಬೇಕು. ಗೇಣುದ್ದದ ಕಬ್ಬಿಣ, ತುದಿಯಲ್ಲಿ ಬಳೆ. ಕಾರ್ತಿ ಡಿಕ್ಕಿ ತೆಗೆದು ಕೆಳಗಿನ ಸ್ಪಂಜಿನ ತಟ್ಟೆ ಎತ್ತಿದ. ಜ್ಯಾಕ್ ಇತ್ತು, ಸ್ಪ್ಯಾನರ್ ಇತ್ತು. ಹುಕ್ಕಿನ ಆಕಾರದ ಗುಳಿ ಖಾಲಿ ಇತ್ತು.

ಅದು ಎಲ್ಲಿದೆಯೆಂದು ನನಗೆ ಆ ಕ್ಷಣವೇ ಹೊಳೆಯಿತು. ಮನೆಯಲ್ಲಿ, ಬಟ್ಟೆಯ ಅಲಮಾರಿನ ಮೇಲಿನ ಖಾನೆಯಲ್ಲಿ ಮಾಡಿಕೊಂಡ ದೇವರ ಗೂಡಿನಲ್ಲಿ, ಗಣಪತಿಯ ಬಲಗಡೆ.

ಅಕ್ಟೋಬರಿನಲ್ಲಿ ಆಯುಧಪೂಜೆಗೆ ಕಾರಿನ ಸಾಮಾನನ್ನೆಲ್ಲ ಮೇಲೆ ತರಿಸಿದ್ದವಳು ನಾನೇ. ಜ್ಯಾಕು, ಸ್ಪ್ಯಾನರು, ಈ ಹುಕ್ಕು, ಅವನ ಲ್ಯಾಪ್‌ಟಾಪು, ನನ್ನ ಲ್ಯಾಬಿನ ಪಿಪೆಟ್ಟು, ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟಿದ್ದೆ. ಮಾರನೆಯ ದಿನ ಉಳಿದದ್ದನ್ನೆಲ್ಲ ಅವನು ಕೆಳಗೆ ಒಯ್ದ. ಗೂಡಿನಲ್ಲಿದ್ದ ಹುಕ್ಕಿಗೆ ಕೈ ಹಾಕಿದಾಗ, "ಏ, ಈ ಶುಕ್ರವಾರ ಕಳೀಲಿ, ಮುಟ್ಬೇಡ" ಎಂದು ಗದರಿದ್ದೆ. ಆ ಶುಕ್ರವಾರ ಕಳೆಯಿತು, ಆಮೇಲೆ ಎಷ್ಟೋ ಶುಕ್ರವಾರ ಕಳೆದವು. ಪ್ರತಿ ವಾರ ಅದಕ್ಕೂ ಒಂದು ಹೂವು ಏರಿಸುತ್ತಿದ್ದೆ. ಅದು ಕಾರಿನದೆಂಬುದೇ ನನಗೆ ಮರೆತುಹೋಗಿತ್ತು.

"ಯಾರು ತೆಗೆದದ್ದು?" ಎಂದರು ಗುನ್ವೋರ್.

"ನಾನೇ," ಎಂದ ಕಾರ್ತಿ. "ಮನೆಯಲ್ಲಿಟ್ಟು ಮರೆತೆ."

ನಾನು ತಲೆ ತಗ್ಗಿಸಿ ಆ ಖಾಲಿ ಗುಳಿಯನ್ನು ನೋಡಿದೆ. ಅವನು ನನ್ನ ಕಡೆ ನೋಡಲೂ ಇಲ್ಲ.

ಹುಕ್ಕಿಲ್ಲದೆ ಬೇರೆಲ್ಲಾದರೂ ಕಟ್ಟಿ ಎಳೆದರೆ ಏನಾದರೂ ಕಿತ್ತು ಬರುತ್ತದೆ, ಆಮೇಲೆ ಉಪ್ಸಾಲಾ ತಲುಪಿದಂತೆಯೇ ಎಂದರು ಗುನ್ವೋರ್. ಒಂದು ನಿಮಿಷ ಯೋಚಿಸಿ, "ಬನ್ನಿ" ಎಂದು ನಮ್ಮಿಬ್ಬರನ್ನೂ ತಮ್ಮ ಕೊಟ್ಟಿಗೆಗೆ ಕರೆದುಕೊಂಡು ಹೋದರು.

ಕೊಟ್ಟಿಗೆಯ ಗೋಡೆಯ ತುಂಬ ಮೊಳೆಗಳು, ಒಂದೊಂದು ಮೊಳೆಗೂ ಒಂದೊಂದು ಟೋ ಹುಕ್. ಮೂವತ್ತೋ ನಲವತ್ತೋ ಇದ್ದವು. ಇಷ್ಟು ವರ್ಷಗಳಲ್ಲಿ ಅವರು ಎಳೆದು ಮೇಲೆತ್ತಿದವರಲ್ಲಿ ಅನೇಕರು, ಚರಂಡಿಯಿಂದ ಬಿಡಿಸಿಕೊಂಡ ಖುಷಿಯಲ್ಲಿ, ಹಗ್ಗದ ಜೊತೆಗೇ ಹುಕ್ಕನ್ನೂ ಬಿಟ್ಟು ಹೋಗಿದ್ದರು. ಅಯ್ಯೋ ರಾಮ, ಅಷ್ಟು ಜನರ ಮರೆವನ್ನು ನೋಡಿ ನನಗೆ ಅಳುವೇ ಬಂತು. ಅವರೆಲ್ಲರ ಹೊಟ್ಟೆ ತಣ್ಣಗಿರಲಿ ಎಂದುಕೊಂಡೆ.

ಐದು ಹುಕ್ಕು ಆರಿಸಿ ತಂದೆವು. ಮೊದಲಿನದು ದಪ್ಪವಾಯಿತು, ಎರಡನೆಯದು ಸಡಿಲ. ಮೂರನೆಯದನ್ನು ಕಾರ್ತಿ ಬಲಕ್ಕೆ ತಿರುಗಿಸಿದ. ಕೂರಲಿಲ್ಲ. "ಎಡಕ್ಕೆ ತಿರುಗಿಸು, ಇದರ ತಿರುಪು ಉಲ್ಟಾ" ಎಂದರು ಗುನ್ವೋರ್. ಎಡಕ್ಕೆ ತಿರುಗಿಸಿದ. ಕಚ್ಚಿಕೊಂಡಿತು. ಟ್ರ್ಯಾಕ್ಟರ್ ಒಮ್ಮೆ ಗುಟುರು ಹಾಕಿತು, ಹಗ್ಗ ಬಿಗಿಯಾಯಿತು, ನಮ್ಮ ಕಾರು ಹಿಂದಕ್ಕೆ ಹಿಂದಕ್ಕೆ ಬಂದು ರಸ್ತೆಯ ಮೇಲೆ ನಿಂತಿತು. ನಾನು ಗುನ್ವೋರ್ ಅವರನ್ನು ಅಪ್ಪಿಕೊಂಡುಬಿಟ್ಟೆ. ಪಾಪ, ಅವರಿಗೆ ಅದರ ಅಭ್ಯಾಸವಿರಲಿಲ್ಲ.

"ಏನು ಕೊಡಬೇಕು ನಿಮಗೆ?" ಎಂದು ಕೇಳಿದೆ.

"ಗಂಟೆ ಹತ್ತೂಮುಕ್ಕಾಲು. ಹೊರಡು," ಎಂದರು.

ಹನ್ನೆರಡೂ ಐವತ್ತಕ್ಕೆ ಸಭಾಂಗಣದ ಬಾಗಿಲು ತಳ್ಳಿದೆ. ರೇಷ್ಮೆ ಸೀರೆಯ ಕೆಳಗೆ ಹಿಮದ ಬೂಟೇ ಇತ್ತು. ಎರಡು ಗಂಟೆ ಪ್ರಶ್ನೆಗಳ ಸುರಿಮಳೆ, ಆಮೇಲೆ ಮುಚ್ಚಿದ ಬಾಗಿಲ ಮುಂದೆ ಕಾಯುವುದು. ನಾಲ್ಕು ಗಂಟೆಗೆ ಬಾಗಿಲು ತೆರೆದು ಡಾಕ್ಟರ್ ಎಂದು ಕರೆದರು. ದಾವಣಗೆರೆಯಲ್ಲಿ ಅಮ್ಮ ಬೀದಿಯವರಿಗೆಲ್ಲ ಸಕ್ಕರೆ ಹಂಚಿದಳಂತೆ.

ಮುಂದಿನ ಶನಿವಾರ ಗೋಡೆಯದೊಂದು, ಗೂಡಿನದೊಂದು ಹೀಗೆ ಎರಡು ಹುಕ್ಕು ಮತ್ತು ನನ್ನ ಪ್ರಬಂಧದ ಒಂದು ಪ್ರತಿ ಹಿಡಿದು ಗುನ್ವೋರ್ ಅವರ ಮನೆಗೆ ಹೋದೆವು. ಇಲ್ಲಿ ಪರೀಕ್ಷೆಗೆ ಮೂರು ವಾರ ಮೊದಲು ಪ್ರಬಂಧವನ್ನು ಮೊಳೆ ಹೊಡೆದು ವಿಭಾಗದ ಹಲಗೆಗೆ ತೂಗುಹಾಕುವ ಪದ್ಧತಿಯಿದೆ. ಮೂಲೆಯಲ್ಲಿ ತೂತು, ತೂತಿಗೆ ದಾರ. ನಾನು ಒಯ್ದದ್ದು ಆ ಪ್ರತಿಯನ್ನೇ. ಅಚ್ಚಾಗಿದ್ದ ವಂದನೆಯ ಪುಟದ ಕೆಳಗೆ ಅವರ ಹೆಸರನ್ನು ಪೆನ್ನಿನಲ್ಲಿ ಬರೆದಿದ್ದೆ. ಅವರು ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದರು.

"ನನ್ನ ಕಾಡಿನಲ್ಲೂ ಬೇರು ಕೊಳೆಯುವ ರೋಗವಿದೆ," ಎಂದರು. "ಕಾಫಿ ಕುಡಿಯುತ್ತಾ ಹೇಳುವೆಯಂತೆ, ಏನು ಮಾಡಬೇಕೆಂದು."

ಆಮೇಲೆ ನಮ್ಮ ಮನೆಯ ಹುಕ್ಕನ್ನು ಬೆಳಕಿಗೆ ಹಿಡಿದು, ಈ ಕೆಂಪು ಏನೆಂದು ಕೇಳಿದರು. ಪೂಜೆಯ ವಿಷಯ ಹೇಳಿದೆ. ಗುನ್ವೋರ್ ಬಿದ್ದು ಬಿದ್ದು ನಕ್ಕರು.

"ಹಾಗಾದರೆ ಇದೇ ಗೋಡೆಗಿರಲಿ. ಗೋಡೆಯದನ್ನು ನೀವು ಇಟ್ಟುಕೊಳ್ಳಿ." ಕಾರ್ತಿಯ ಕಡೆ ತಿರುಗಿ, "ಇನ್ನಾದರೂ ಕಾರಿನಲ್ಲೇ ಇಡುತ್ತೀಯ ತಾನೆ?" ಎಂದು ಛೇಡಿಸಿದರು.

ಅವನು ಶಾಲೆಯ ಹುಡುಗನ ಹಾಗೆ ತಲೆಯಾಡಿಸಿದ. ನನಗೆ ತಡೆಯಲಾಗಲಿಲ್ಲ.

"ಅವನಲ್ಲ, ತೆಗೆದಿಟ್ಟವಳು ನಾನು."

"ಗೊತ್ತಿತ್ತು," ಎಂದರು ಗುನ್ವೋರ್. "ಟ್ರ್ಯಾಕ್ಟರಿನಲ್ಲಿ ಬರುವಾಗಲೇ ನಿನ್ನ ಬೈಗುಳ ಕೇಳಿಸುತ್ತಿತ್ತು. ಅವನು 'ನಾನೇ' ಅಂದ ಮೇಲೆ ನೀನು ಒಂದು ಮಾತೂ ಬೈಯಲಿಲ್ಲ."

ಕುಂಕುಮದ ಹುಕ್ಕು ಒಂದು ಮೊಳೆಗೆ ಹೋಯಿತು, ದಾರ ಹಿಡಿದು ನನ್ನ ಪ್ರಬಂಧ ಪಕ್ಕದ ಮೊಳೆಗೆ ಹೋಯಿತು.

ಹಿಂತಿರುಗುವಾಗ ಕಾರು ನಾನು ಓಡಿಸಿದೆ. ಆ ತಿರುವು ದಾಟಿದ ಮೇಲೆ ಕೇಳಿದೆ, "ಯಾಕೋ ಆವತ್ತು ನಾನೇ ಅಂದೆ?"

"ಒಂದು ಗಂಟೆಗೆ ನೀನು ಅಷ್ಟು ಜನದ ಮುಂದೆ ನಿಲ್ಬೇಕಿತ್ತಲ್ಲ. ಅದನ್ನೂ ತಲೇಲಿಟ್ಕೊಂಡು ಹೆಂಗೆ ನಿಲ್ತೀಯ?"

ಐದು ನಿಮಿಷ ಸುಮ್ಮನಿದ್ದೆ. ಅವನಿಗೆ ಗಾಬರಿಯಾಯಿತು.

"ಏನಾಯ್ತೇ ಸಿಂಧು? ಬೈತಾನೇ ಇಲ್ಲ?"

"ಥ್ಯಾಂಕ್ಸ್ ಕಣೋ," ಎಂದೆ. ಏಳು ವರ್ಷದಲ್ಲಿ ಅವನಿಗೆ ಆ ಮಾತು ಹೇಳಿದ್ದು ಅದೇ ಮೊದಲು. ಅವನು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಮನೆಯವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದ.