ಎರಡೂ ತುದಿ ಮುಚ್ಚಿದ ಕೊಳವೆ

ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುವುದು ನನ್ನ ಕೆಲಸ. ಮೂವತ್ತೊಂದು ವರ್ಷವಾಯಿತು. ಮೊದಲು ಸೋಪಿನ ನೀರು, ಆಮೇಲೆ ನಲ್ಲಿ ನೀರು, ಕಡೆಗೆ ಭಟ್ಟಿ ಇಳಿಸಿದ ನೀರು. ಮೂರು ಸಲ ತೊಳೆಯದೆ ಒಂದು ಸೀಸೆಯನ್ನೂ ಯಾರ ಕೈಗೂ ಕೊಟ್ಟವಳಲ್ಲ. ನಮ್ಮ ಯಜಮಾನರು ಎರಡು ಕೋಣೆ ಆಚೆ ಗಾಜು ಕಾಯಿಸಿ, ಊದಿ, ಎಳೆದು ಕೊಳವೆ ಮಾಡುತ್ತಿದ್ದರು. ಎಲ್ಲರ ಬಾಯಲ್ಲೂ ಅವರು ಊದುಗೊಳವೆ. "ಇಲ್ಲಿ ಊದೀ ಊದೀ ಮನೇಲಿ ಮಾತಾಡೋಕೆ ಉಸಿರೇ ಇರಲ್ಲ ಇವರಿಗೆ" ಎಂದು ನಾನೂ ರೇಗಿಸುತ್ತಿದ್ದೆ.

ಒಳಗೆ ಧೂಳು ಹೋಗದಿರಲೆಂದು, ಬಿಸಿಯಿರುವಾಗಲೇ ಕೊಳವೆಯ ಎರಡೂ ತುದಿ ಕರಗಿಸಿ ಮುಚ್ಚುವುದು ಅವರ ಪದ್ಧತಿ. ಅವರು ತೀರಿಕೊಂಡ ವಾರ ಎಳೆದಿಟ್ಟ ಒಂದು ಕೊಳವೆ ಬಟ್ಟೆ ಸುತ್ತಿಕೊಂಡು ನನ್ನ ಪೆಟ್ಟಿಗೆಯಲ್ಲಿ ಒಂಬತ್ತು ವರ್ಷ ಮಲಗಿತ್ತು. ಒಳಗಿದ್ದದ್ದು ಅವರ ಉಸಿರು. ಇದನ್ನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಹೋದ ವರ್ಷ ಸಂಶೋಧನೆಗೆಂದು ಒಬ್ಬ ಹುಡುಗಿ ಬಂದಳು. ಅರಳು ಹುರಿದ ಹಾಗೆ ಮಾತು. ನೀರಿನಿಂದ ಕರೆಂಟು ತೆಗೆಯುತ್ತಾಳಂತೆ. ಅಣೆಕಟ್ಟು ಬೇಡ, ತಿರುಗುವ ಚಕ್ರ ಬೇಡ. ಸಣ್ಣ ಕೊಳವೆಯಲ್ಲಿ ಒಂದು ತುಣುಕು ನೀರು, ಒಂದು ತುಣುಕು ಗಾಳಿ, ಹೀಗೆ ಒಂದರ ಹಿಂದೆ ಒಂದು ಜಾರಬೇಕು. ಆಗ ನೀರು ಒಳಗೋಡೆಗೆ ಉಜ್ಜಿ ಕರೆಂಟು ಹುಟ್ಟುತ್ತದಂತೆ. ಆದರೆ ಅವಳ ಕೊಳವೆಗಳ ತೂತು ದೊಡ್ಡದು, ನೀರು ಧಾರೆಯಾಗಿ ಸುರಿದುಹೋಗುತ್ತಿತ್ತು. ಸಣ್ಣದು ಎಳೆಯುವವರು ಈಗ ಇಲ್ಲ. ತರಿಸಲು ನಾಲ್ಕು ತಿಂಗಳು. ಶುಕ್ರವಾರ ಮೇಲಿನವರು ನೋಡಲು ಬರುವವರಿದ್ದರು. ಆ ಕರೆಂಟಿಗೆ ದೀಪ ಹತ್ತದಿದ್ದರೆ ಅವಳ ಕೆಲಸದ ಕೋಣೆ ಬೇರೆಯವರಿಗೆ.

ಎರಡು ದಿನ ಸುಮ್ಮನಿದ್ದೆ. ಅಷ್ಟು ಮಾತಿನವಳು ಮೆಟ್ಟಿಲ ಮೇಲೆ ತುಟಿ ಬಿಚ್ಚದೆ ಕೂತದ್ದನ್ನು ನೋಡಿ, ಬುಧವಾರ ಬೆಳಿಗ್ಗೆ ಕೊಳವೆ ತಂದು, ನಮ್ಮ ಯಜಮಾನರು ಎಳೆದದ್ದು ಎಂದು ಕೊಟ್ಟೆ. ತುದಿ ಕತ್ತರಿಸಬೇಕಲ್ಲ ಎಂದು ಅವಳು ನನ್ನ ಮುಖ ನೋಡಿದಳು. ಕತ್ತರಿಸು ಎಂದು ತೊಟ್ಟಿಯ ಕಡೆ ತಿರುಗಿದೆ. ಟಿಕ್ ಎಂದಿತು. ಅಷ್ಟೇ.

ನೀರು ಅಂಟದೆ ಜಾರಲೆಂದು ಒಳಗೋಡೆಗೆ ಲೇಪ ಹಚ್ಚುವ ಮುಂಚೆ ತೊಳೆದುಕೊಡಲು ನನಗೇ ಕೊಟ್ಟಳು. ನಲ್ಲಿ ಬಿಟ್ಟುಕೊಂಡು, ತೊಳೆಯಲು ಹಿಡಿಯುವಷ್ಟು ಹೊತ್ತು ನಿಂತು, ಇದ್ದ ಹಾಗೇ ಹಿಂದಕ್ಕೆ ಕೊಟ್ಟೆ.

ಮಾರನೆಯ ದಿನ ಲೇಪ ಹಿಡಿಯಲಿಲ್ಲ. ನೀರು ಅಲ್ಲಲ್ಲೇ ಅಂಟಿ ನಿಂತಿತು. ನನ್ನ ತೊಳೆತದ ಮೇಲೆ ಅವಳಿಗೆ ಅನುಮಾನವೇ ಬರಲಿಲ್ಲ.

"ನಂಗೇ ಬರಲ್ಲ ಅಜ್ಜಿ. ತಾತನ ಕೊಳವೇನ ಹಾಳು ಮಾಡ್ಬಿಟ್ಟೆ."

"ನಿನ್ನ ತಪ್ಪಲ್ಲಮ್ಮ. ನಾನು ತೊಳೀಲೇ ಇಲ್ಲ."

"ನೀವಾ? ಯಾಕೆ?"

"ಅವರದ್ದು ಏನಾದ್ರೂ ಒಳಗೆ ಉಳಿದಿರುತ್ತೇನೋ ಅಂತ."

ಅವಳು ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತಳು. ಹಿಡಿಯದ ಲೇಪ ಬಿಡಿಸಿ, ಮೂರು ಸಲ ತೊಳೆದೆ. ಮೂರನೆಯ ಸಲಕ್ಕೆ ಅವಳು ಕೊಳವೆಯನ್ನು ಕೆಳಗಿನಿಂದ ಹಿಡಿದುಕೊಂಡಳು.

ಈ ಸಲ ಲೇಪ ಹಿಡಿಯಿತು. ಶುಕ್ರವಾರ ನೀರು ತುಣುಕು ತುಣುಕಾಗಿ ಇಳಿಯಿತು. ಹನ್ನೆರಡು ಪುಟ್ಟ ದೀಪ ಹತ್ತಿದವು. ಬಂದವರು ಬಗ್ಗಿ ನೋಡಿ ಬರೆದುಕೊಂಡರು. ಹುಡುಗಿ ನನ್ನ ಮೊಣಕೈ ಹಿಡಿದು ಮುಂದಕ್ಕೆ ನಿಲ್ಲಿಸಿ, ಇದು ಇವರ ಮನೆಯವರು ಎಳೆದದ್ದು ಎಂದಳು.

ಸಂಜೆ ಬಸ್ಸಿನಲ್ಲಿ ಎಲ್ಲವನ್ನೂ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಬಂದೆ: ಯಾರು ಏನು ಕೇಳಿದರು, ಯಾವ ದೀಪ ಮೊದಲು ಹತ್ತಿತು. ಬೀಗ ತೆಗೆದ ಮೇಲೆ, ಹೇಳುವುದು ಯಾರಿಗೆ ಎಂದು ನೆನಪಾಯಿತು. ಯಜಮಾನರು ಇದ್ದಿದ್ದರೆ ಎಲ್ಲ ಕೇಳಿಸಿಕೊಂಡು, ಕೊನೆಗೆ ಕೊಳವೆ ನೆಟ್ಟಗಿತ್ತಾ ಎಂದಷ್ಟೇ ಕೇಳುತ್ತಿದ್ದರು.

ನೆಟ್ಟಗಿತ್ತು.